ಎರಡು ದಂಡೆಯ ನಾತ

ಮೊದಲ ಸಲ ಆ ನಾತ ಮೂಗಿಗೆ ಬಡಿದಾಗ ನೀಲಾಂಬಿಕೆಗೆ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಬಂದ ಮೇಲೆ ಹೆಮ್ಮೆಯಾಯಿತು. ಪ್ರಯೋಗಾಲಯದಲ್ಲಿ ನೆರೆದಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದೊಂದರಲ್ಲೂ ಬೆವರಿನಲ್ಲಿ ತೊಯ್ದು ಒಣಗಿದ ಒಂದೊಂದು ಬನಿಯನ್. ಒಂದು ತಮ್ಮದೇ ಗೇಟಿನ ಕಾವಲುಗಾರನದು, ಇನ್ನೊಂದು ಸೆರೆಸಿಕ್ಕ ಎಡದಂಡೆಯ ಸಿಪಾಯಿಯದು. ಹತ್ತು ದಿನದ ಹಿಂದೆ ಎರಡಕ್ಕೂ ಇದ್ದದ್ದು ಒಂದೇ ಬೆವರಿನ ವಾಸನೆ. ಹತ್ತು ದಿನ ಮೂಗಿಗೆ ಹನಿ ಬಿಟ್ಟುಕೊಂಡ ಮೇಲೆ ಇಂದು ಎರಡನೆಯ ಡಬ್ಬಿಯ ಮುಚ್ಚಳ ತೆಗೆದರೆ, ಕಾಲುವೆಯ ಜಾಲರಿಗೆ ಸಿಕ್ಕಿ ಮೂರು ದಿನ ಬಿಸಿಲಲ್ಲಿ ಉಬ್ಬಿದ ಎಮ್ಮೆಯೊಂದು ಕೋಣೆಯೊಳಗೆ ಬಂದು ಮಲಗಿದಂತಾಯಿತು.

ಆ ನಾತವನ್ನು ಕಟ್ಟಿದವಳು ಅವಳೇ. ಬಲದಂಡೆಯ ತಾವರೆಮಡುವಿನ ಊದುಬತ್ತಿ ಕಾರ್ಖಾನೆಗೆ ಇಪ್ಪತ್ತೆರಡು ವರ್ಷದಿಂದ ಅವಳೇ ಮೂಗು. ಮಲ್ಲಿಗೆಯ ಎಣ್ಣೆಯಲ್ಲಿ ಕಲಬೆರಕೆ ಎಷ್ಟಿದೆ, ಗಂಧದ ಚೂರು ಎಷ್ಟು ವರ್ಷದ ಮರದ್ದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಎರಡು ದಂಡೆಗಳ ನಡುವೆ ಯುದ್ಧ ಶುರುವಾದ ಮೇಲೆ ಸರಕಾರ ಕಾರ್ಖಾನೆಗೆ ಬೇಲಿ ಹಾಕಿತು. ಡಾಕ್ಟರ್ ವಾಗೀಶ ಎಂಬ ನಿರ್ದೇಶಕರು ಬಂದರು. ಬಂದ ವಾರದಲ್ಲೇ ಅವಳನ್ನು ಕರೆದು, "ನೀಲಾಂಬಿಕಾ ಅವರೇ, ನೀವು ಬದುಕಿನಲ್ಲಿ ಮೂಸಿದ ಅತಿ ಹೊಲಸು ವಾಸನೆ ಯಾವುದು?" ಎಂದು ಕೇಳಿದರು.

ವಿಷಯ ಸರಳವಾಗಿತ್ತು. ಹೊಳೆಗೆ ಇರುವುದು ಒಂದೇ ಅಣೆಕಟ್ಟು. ಅದರಿಂದ ಎಡಕ್ಕೊಂದು ಕಾಲುವೆ, ಬಲಕ್ಕೊಂದು ಕಾಲುವೆ. ಎರಡೂ ದಂಡೆಯ ಜನ ಒಂದೇ ಹೊಳೆಯ ನೀರು ಕುಡಿದರೂ ನೀರು ಸೋಸುವ ಸ್ಥಾವರಗಳು ಬೇರೆ ಬೇರೆ. ಎಡದಂಡೆಯಲ್ಲಿ ಬಳಸುವ ರಾಳದ ಮಣಿಗಳೇ ಬೇರೆ, ಬಲದಂಡೆಯವೇ ಬೇರೆ. ಹದಿನೈದು ವರ್ಷದಿಂದ ಆ ಮಣಿಗಳಿಂದ ಕರಗಿದ ಒಂದೊಂದು ಬಗೆಯ ಅಣು ಆಯಾ ದಂಡೆಯ ಜನರ ಮೈಯ ಕೊಬ್ಬಿನಲ್ಲಿ ಸೇರಿ, ಬೆವರಿನಲ್ಲಿ, ಉಸಿರಿನಲ್ಲಿ, ಎದೆಹಾಲಿನಲ್ಲಿ ಒಸರುತ್ತಿತ್ತು. ಆ ಅಣುವಿಗೆ ಸ್ವಂತ ವಾಸನೆಯಿಲ್ಲ. ಹನಿಯ ಕೆಲಸವೆಂದರೆ ಮೂಗಿನ ನರಗಳಿಗೆ ಎದುರು ದಂಡೆಯ ಅಣುವನ್ನು ಗುರುತಿಸಲು ಕಲಿಸುವುದು. ಕಲಿಸುವಾಗ ಜೊತೆಗೆ ಯಾವ ವಾಸನೆ ಮೂಸಿಸಿರುತ್ತಾರೋ, ಆಮೇಲೆ ಸಾಯುವ ತನಕ ಆ ಅಣು ಸಿಕ್ಕಲ್ಲೆಲ್ಲ ಅದೇ ವಾಸನೆ.

ಬರೀ ಕೊಳೆತದ್ದಕ್ಕೆ ಮೂಗು ಬೇಗ ಒಗ್ಗಿಹೋಗುತ್ತದೆ ಎಂಬುದು ನೀಲಾಂಬಿಕೆಗೆ ಗೊತ್ತಿತ್ತು. ಚರ್ಮ ಹದಮಾಡುವವರು, ಗಟಾರ ಬಳಿಯುವವರು ಅದರ ನಡುವೆಯೇ ಕೂತು ಉಣ್ಣುತ್ತಾರೆ. ಅದಕ್ಕೇ ಅವಳು ನಾತದೊಳಗೆ ಒಂದು ಎಳೆ ಸಿಹಿ ಬೆರೆಸಿದಳು, ಹಣ್ಣಾಗಿ ಒಡೆದ ಸೀತಾಫಲದಂಥ ಸಿಹಿ. ಸಿಹಿಯಿದ್ದರೆ ಮೂಗು ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ, ತೆರೆದಾಗಲೆಲ್ಲ ಹೆಣ ನುಗ್ಗುತ್ತದೆ. ಯಾವ ಅತ್ತರೂ ಅದನ್ನು ಮುಚ್ಚಲಾರದು, ಎಷ್ಟು ವರ್ಷವಾದರೂ ರೂಢಿಯಾಗದು.

"ಈ ಸಿಹಿ ಇದೆಯಲ್ಲ, ಇದು ಪ್ರತಿಭೆ" ಎಂದರು ವಾಗೀಶ. ಅವಳು ನಾಚಿ ತಲೆ ತಗ್ಗಿಸಿದ್ದಳು.

ನುಸುಳುಕೋರರನ್ನು ಹಿಡಿಯಲು ಚೌಕಿಯ ಪೊಲೀಸರಿಗಷ್ಟೇ ಹಾಕುತ್ತೇವೆ ಎಂದಿದ್ದವರು ಎರಡು ತಿಂಗಳಲ್ಲಿ ಹನಿಯನ್ನು ರೇಷನ್ ಅಂಗಡಿಗೆ ತಂದಿಟ್ಟರು. ಹನಿ ಹಾಕಿಸಿಕೊಂಡವರ ಬೆರಳಿಗೆ ಮಸಿ, ಮಸಿಯಿದ್ದವರಿಗೆ ಜೋಳ. ತಾವರೆಮಡುವಿನ ಜನ ಮಕ್ಕಳುಮರಿ ಸಮೇತ ಸರದಿಯಲ್ಲಿ ನಿಂತು ಮೂಗು ಮೇಲೆತ್ತಿದರು.

ಆಮೇಲೆ ಊರಿಗೆ ಊರೇ ಬೇರೆಯಾಯಿತು. ಎಡದಂಡೆಯಿಂದ ಬಂದಿದ್ದ ಕಂಬಳಿ, ಕೌದಿ, ಸೀರೆಗಳನ್ನು ಜನ ಬೀದಿಗೆಸೆದು ಸುಟ್ಟರು. ಹತ್ತಾರು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುತ್ತಿದ್ದ ಗಂಡಹೆಂಡಿರು ಯಾರಿಗೂ ಗೊತ್ತಿಲ್ಲದೆ ಎಡದಂಡೆಯವರಾಗಿದ್ದರು. ಅವರನ್ನು ಕಾಲುವೆಯ ತನಕ ಅಟ್ಟಿಸಿಕೊಂಡು ಹೋದವರು, "ಇಷ್ಟು ವರ್ಷ ಇಂಥಾವರ ಕೈಯಾಗಿನ ಚಾ ಕುಡುದ್ವಲ್ಲೋ" ಎಂದು ಉಗುಳುತ್ತ ವಾಪಸಾದರು. ಆ ಚಹಾದವರಿಗೆ ಏನಾಯಿತು ಎಂದು ನೀಲಾಂಬಿಕೆ ಯಾರನ್ನೂ ಕೇಳಲಿಲ್ಲ. ಹೈಸ್ಕೂಲಿನ ಡ್ರಿಲ್ ಮಾಸ್ತರ ಬಾಳಪ್ಪನ ಮುಂದಾಳುತನದಲ್ಲಿ ಮೂಸುದಳ ಎಂಬುದೊಂದು ಹುಟ್ಟಿ, ಮನೆಮನೆ ತಿರುಗಿ ಬಾಗಿಲ ಸಂದಿಗೆ ಮೂಗಿಟ್ಟು ಉಸಿರೆಳೆಯತೊಡಗಿತು. ಮನುಷ್ಯರು ನಾಯಿಗಳ ಹಾಗೆ ಮೂಸುತ್ತ ಹೋಗುವುದನ್ನು ಕಂಡು ಅವಳಿಗೆ ಹೇಸಿಕೆಯಾಗುತ್ತಿತ್ತು. ಕಿಟಕಿ ಹಾಕಿಕೊಂಡು ಒಳಗೆ ಕೂರುತ್ತಿದ್ದಳು.

ಹಾಗೆ ಕೂತಾಗ ಮಗಳ ನೆನಪು ಬರುತ್ತಿತ್ತು. ಒಬ್ಬಳೇ ಮಗಳು ದಾಕ್ಷಾಯಣಿಯನ್ನು ಆರು ವರ್ಷದ ಹಿಂದೆ ಎಡದಂಡೆಯ ಸಿಂಗನಾಳಕ್ಕೆ ಕೊಟ್ಟಿದ್ದರು. ಆಗ ಅದು ಬಸ್ಸಿನಲ್ಲಿ ಎರಡು ತಾಸಿನ ದಾರಿ. ಯುದ್ಧ ಶುರುವಾದ ಮೇಲೆ ಸೇತುವೆ ಬಿತ್ತು, ಫೋನು ಸತ್ತಿತು. ಬಸುರಿ ಎಂಬ ಸುದ್ದಿಯೇ ಕೊನೆಯದು. ಕೊನೆಯ ಸಲ ತವರಿಗೆ ಬಂದಾಗ ಅವಳು ಬಿಟ್ಟುಹೋಗಿದ್ದ ಒಂದು ಹಸಿರು ಸೀರೆ ಕಪಾಟಿನಲ್ಲಿತ್ತು. ಹನಿ ಹಾಕಿಸಿಕೊಂಡು ಬಂದ ಹನ್ನೊಂದನೆಯ ದಿನ ನೀಲಾಂಬಿಕೆಯ ಗಂಡ ಶಿವಪುತ್ರಪ್ಪ ಆ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಒಯ್ದ. ಕಾಲುವೆಯ ಗೇಟು ಎತ್ತಿಳಿಸುವ ನೌಕರಿಯ ಆತ ಬದುಕಿನಲ್ಲಿ ಯಾರಿಗೂ ಗಟ್ಟಿಯಾಗಿ ಬೈದವನಲ್ಲ. ಸೀರೆಗೆ ಬೆಂಕಿ ಹಚ್ಚುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಹೊಗೆಗೋ ಮಗಳಿಗೋ ಎಂದು ನೀಲಾಂಬಿಕೆ ಕೇಳಲಿಲ್ಲ.

ಮನೆಯಲ್ಲಿ ಹನಿ ನಾಟದೆ ಉಳಿದದ್ದು ಅತ್ತೆ ಗುರುಸಿದ್ದವ್ವನಿಗೆ ಮಾತ್ರ. ಎಂಬತ್ತೈದರ ಮುದುಕಿ ಐವತ್ತು ವರ್ಷದಿಂದ ನಶ್ಯ ಏರಿಸಿ ಏರಿಸಿ ಮೂಗನ್ನು ಸುಟ್ಟುಕೊಂಡಿದ್ದಳು. ಹನಿ ಬಿಟ್ಟರೂ ಅಷ್ಟೆ, ಸೀಮೆಎಣ್ಣೆ ಬಿಟ್ಟರೂ ಅಷ್ಟೆ. "ಎಲ್ಲಾರೂ ಏನು ಹೊಲಸು ಹೊಲಸು ಅಂತೀರಿ, ನನಗೇನೂ ಬರೂದಿಲ್ಲ" ಎಂದು ಗೊಣಗುತ್ತಿದ್ದಳು.

ಆ ಚಳಿಗಾಲದಲ್ಲಿ ಅಣೆಕಟ್ಟಿನ ಮೇಲೆ ಸಂಧಾನದ ಸಭೆ ಸೇರಿತು. ಎರಡೂ ಕಡೆಯ ಐದೈದು ಜನ ಒಂದು ಮೇಜಿನ ಸುತ್ತ ಕೂತರು. ಹತ್ತೇ ನಿಮಿಷಕ್ಕೆ ಎಲ್ಲರೂ ಬಾಯಿಗೆ ಬಟ್ಟೆ ಒತ್ತಿಕೊಂಡು ಎದ್ದು ಹೋದರಂತೆ. ರೇಡಿಯೋದವರು ಅದನ್ನು ಶತ್ರುವಿನ ಹಟಮಾರಿತನ ಎಂದರು. ಎದುರು ಕಡೆಯವರೂ ಯಾಕೆ ಬಾಯಿ ಮುಚ್ಚಿಕೊಂಡರು ಎಂಬ ಪ್ರಶ್ನೆ ನೀಲಾಂಬಿಕೆಗೆ ಅಂದು ಹೊಳೆಯಲಿಲ್ಲ.

ದಾಕ್ಷಾಯಣಿ ಬಂದದ್ದು ಒಂದು ಸೋಮವಾರ, ಬೆಳಗಿನ ನೀರು ಬಿಡುವ ಹೊತ್ತಿಗೆ.

ಬಾಗಿಲು ತೆರೆದವನು ಶಿವಪುತ್ರಪ್ಪ. ತೆರೆದವನೇ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಹಿಡಿದು ಕಕ್ಕಿದ. ಹೊಸ್ತಿಲಾಚೆ ನಿಂತಿದ್ದವಳ ಕಾಲು ಮೊಣಕಾಲಿನ ತನಕ ಕೆಸರು. ತಲೆಗೆ ಮೇವಿನ ಹೊರೆಯ ಸಿಂಬಿ, ಎದೆಗೆ ಬಿಗಿದ ಬಟ್ಟೆಯೊಳಗೆ ನಾಲ್ಕು ತಿಂಗಳ ಕೂಸು. ಹರಿಗೋಲಿನಲ್ಲಿ ಹೊಳೆ ದಾಟಿ, ತನ್ನ ನಾತ ಅಡಗಿಸಲು ಮೇವಿನ ಹೊರೆ ಸಾಕಾಗದೆ ಮೈಗೆಲ್ಲ ಸಗಣಿ ಬಳಿದುಕೊಂಡು, ಊರುಗಳನ್ನು ತಪ್ಪಿಸಿ ಮೂರು ದಿನ ನಡೆದಿದ್ದಳು.

"ಅಪ್ಪಾ, ನಾನು" ಎಂದಳು. ಹೇಳಿದವಳೇ ತಾನೂ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ನೀಲಾಂಬಿಕೆ ಓಡಿಬಂದಳು. ಓಡಿಬಂದ ಕಾಲು ನಾಲ್ಕು ಮಾರು ದೂರದಲ್ಲಿ ತಾನಾಗಿ ನಿಂತಿತು. ಬೇರೆಯವರಿಗೆ ಒಂದು ಎಮ್ಮೆಯ ಹೆಣವಾದರೆ, ಪಳಗಿದ ಅವಳ ಮೂಗಿಗೆ ಹತ್ತು. ಮಗಳನ್ನು ಒಳಗೆ ಎಳೆದು ಬಾಗಿಲು ಹಾಕಬೇಕು ಎಂದು ತಲೆ ಹೇಳುತ್ತಿತ್ತು, ಹೊಟ್ಟೆ ಬಾಯಿಗೆ ಬರುತ್ತಿತ್ತು. ಕೊನೆಗೆ ಉಸಿರು ಬಿಗಿಹಿಡಿದು ಕೈ ಹಿಡಿದು ಎಳೆದಳು.

"ನೀ ಯಾಕ ಮೂಗು ಮುಚ್ಚಿಕೊಂಡೀ?" ಎಂದು ಕೇಳಿದಳು.

"ಅಲ್ಲೂ ಹಾಕ್ಯಾರಲ್ಲವ್ವಾ ಹನಿ. ನಿಮ್ಮಲ್ಲಿ ಹಾಕಿದ ಎರಡು ತಿಂಗಳಿಗೆ. ನಮಗ ಬಲದಂಡಿಯವ್ರ ನಾತ ಬರ್ತೈತಿ. ನಿನ್ನ ಮೈಯಿಂದ ಬರಾಕತ್ತೈತಿ, ಅಪ್ಪನ ಮೈಯಿಂದನೂ." ಅವಳು ಗೋಡೆಗೊರಗಿ ಕುಸಿದಳು. "ನಾ ಹುಟ್ಟಿದ್ದು ಇಲ್ಲಿ, ಬಾಳೇವು ಅಲ್ಲಿ. ನನ್ನ ಮೈಯಾಗ ಎರಡೂ ಐತೆ. ನನ್ನ ನಾತ ನನಗ ಬರ್ತೈತವ್ವಾ."

"ಎಂಥಾ ನಾತ?" ಎಂದಳು ನೀಲಾಂಬಿಕೆ.

"ಸತ್ತ ಎಮ್ಮಿದು. ಅದರಾಗ ಸೀತಾಫಲ ಒಡದಂಗ ಒಂದು ಸಿಹಿ. ಆ ಸಿಹಿಗೇ ತಡಕೊಳ್ಳಾಕ ಆಗೂದಿಲ್ಲ."

ಅದು ನೀಲಾಂಬಿಕೆಯ ಸಿಹಿ, ಅವಳ ಅಳತೆ.

ದಾಕ್ಷಾಯಣಿ ನಡೆದದ್ದನ್ನು ತುಂಡುತುಂಡಾಗಿ ಹೇಳಿದಳು. ಬಲದಂಡೆಯ ನೀರು ಬಿಟ್ಟು ಆರು ವರ್ಷವಾಗಿದ್ದರೂ ಅದರ ಗುರುತು ಮೈಯಲ್ಲಿ ಸಣ್ಣಗೆ ಉಳಿದಿತ್ತು. ಸಿಂಗನಾಳದ ಅತ್ತೆ ಮೊದಲು ಇವಳು ಮಾಡಿದ ಅಡಿಗೆ ಬಿಟ್ಟಳು. ಆಮೇಲೆ ಬಾಣಂತಿಯನ್ನು ದನದ ಕೊಟ್ಟಿಗೆಗೆ ಹಾಕಿದಳು. ಗಂಡ ವಿರೂಪಾಕ್ಷ ಎರಡು ತಿಂಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕೂತ. ಒಂದು ದಿನ ಅವನೇ ಹರಿಗೋಲಿನವನನ್ನು ಗೊತ್ತುಮಾಡಿ ಬಂದು, ಅತ್ತುಕೊಂಡು, ಹೋಗು ಎಂದ.

"ಹೆಂಡತಿ ಕೂಸನ್ನ ಹೊರಗ ಹಾಕಿದ ಅವನೆಂಥಾ ಗಂಡಸು!" ಶಿವಪುತ್ರಪ್ಪ ಒಳಕೋಣೆಯಿಂದ ಕೂಗಿದ. ಅವನು ಅಲ್ಲಿಂದ ಹೊರಗೆ ಬಂದಿರಲಿಲ್ಲ.

"ಅವರು ಕೆಟ್ಟವರಲ್ಲಪ್ಪಾ. ಮೂಗು ಕೆಟ್ಟೈತಿ."

ಕೂಸು ಅಳತೊಡಗಿತು. ದಾಕ್ಷಾಯಣಿಗೆ ಜ್ವರವಿತ್ತು. "ಹಿಡಿಯವ್ವಾ ಒಂದೀಟು" ಎಂದು ಕೂಸನ್ನು ಮುಂದೆ ಚಾಚಿದಳು. ಕೂಸಿನ ಮೈ ಹಾಲಿನಿಂದಲೇ ಆದದ್ದು. ಮಗಳಿಗಿಂತ ಅದರ ನಾತವೇ ಹೆಚ್ಚು. ನೀಲಾಂಬಿಕೆಯ ಕೈ ಮೇಲೇಳಲಿಲ್ಲ. ಕೂಸು ಮಾತ್ರ ಯಾವ ಹನಿಯನ್ನೂ ಕಾಣದ ಮೂಗು ಅರಳಿಸಿ, ಅಜ್ಜಿಯ ಕಡೆ ಎರಡೂ ಕೈ ಚಾಚಿ ನಕ್ಕಿತು.

ಮೂಲೆಯಲ್ಲಿದ್ದ ಗುರುಸಿದ್ದವ್ವ, "ಕೊಡ ಇಲ್ಲೆ. ಏನಾಗೈತಿ ನಿಮಗೆಲ್ಲಾ?" ಎಂದು ಬೈದು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಮರಿಮೊಮ್ಮಗಳ ಕೆನ್ನೆಗೆ ಕೆನ್ನೆ ಒತ್ತಿದಳು. "ಹೊನ್ನಿನಂಥಾ ಕೂಸು. ಹೆಸರೇನಿಟ್ಟೀರಿ?"

"ಇಟ್ಟಿಲ್ಲಾಯಿ. ಯಾರೂ ತೊಟ್ಟಲಕ್ಕ ಬರಲಿಲ್ಲ."

"ಹೊನ್ನವ್ವ" ಎಂದಳು ಮುದುಕಿ. ಹೆಸರಿಡುವ ಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ಮರುದಿನ ನೀಲಾಂಬಿಕೆ ನೇರವಾಗಿ ವಾಗೀಶರ ಕೋಣೆಗೆ ಹೋದಳು. ಅವರು ಸೇಬು ಹೆಚ್ಚಿಕೊಂಡು ತಿನ್ನುತ್ತಿದ್ದರು.

"ಸರ್, ನನ್ನ ನಾತ ಆ ದಂಡೆಗೆ ಹೆಂಗ ಹೋಯ್ತು?"

ಯಾರು ಹೇಳಿದರು ಎಂದು ವಾಗೀಶರು ಕೇಳಲೇ ಇಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಸೇಬಿನ ಹೋಳನ್ನು ಅಗಿದು ನುಂಗಿ ಅವರು ನಿಧಾನವಾಗಿ ಹೇಳಿದರು. "ನಾವು ನಾತ ಕಟ್ಟಿಕೊಡುವವರು, ಹನಿ ತಯಾರಿಸುವುದು ಹೊರಗಿನ ಒಂದು ಕಂಪನಿ. ಎರಡು ಸರಕಾರಗಳೂ ಅದರ ಗಿರಾಕಿಗಳು. ಬಲದಂಡೆಯ ನೀರಿನ ಅಣು ಬೇರೆ, ಆದರೆ ನಾತವನ್ನು ಬೇರೆ ಯಾಕೆ ಕಟ್ಟಬೇಕು? ನಿಮ್ಮದು ಪರೀಕ್ಷೆಯಾದದ್ದು."

"ಅಣೆಕಟ್ಟಿನ ಮ್ಯಾಲ ಸಂಧಾನಕ್ಕ ಕೂತವ್ರು..."

"ಹೂಂ. ಅದು ನಮಗೂ ಅನಿರೀಕ್ಷಿತ. ಆದರೆ ನೋಡಿ, ಈಗ ಸಿಪಾಯಿಗಳು ಸೆರೆಯಾಳುಗಳ ಜೊತೆ ಬೀಡಿ ಹಂಚಿಕೊಳ್ಳುವುದಿಲ್ಲ, ಯಾರೂ ಯಾರನ್ನೂ ಬಚ್ಚಿಡುವುದಿಲ್ಲ. ಶಿಸ್ತು ಬಂದಿದೆ." ಅವರು ಇನ್ನೊಂದು ಕಡತ ಎಳೆದುಕೊಂಡರು. "ಮುಂದಿನ ಕೆಲಸ ಸ್ವಲ್ಪ ಸೂಕ್ಷ್ಮ. ಕಾಲುವೆಯ ಬಾಯಿಗಿರುವ ಊರುಗಳು, ಬಾಲಕ್ಕಿರುವ ಊರುಗಳು. ತಮಗೆ ನೀರು ತಲುಪುವುದಿಲ್ಲವೆಂದು ಬಾಲದವರು ಇತ್ತೀಚೆಗೆ ಬಹಳ ಗಲಾಟೆ ಮಾಡುತ್ತಿದ್ದಾರೆ. ಅವರ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಅದನ್ನು ಹಿಡಿದುಕೊಂಡು ಹೊಸ ಹನಿ ಮಾಡಬಹುದು."

"ಬಾಲದವ್ರು ನಮ್ಮವ್ರೇ ಅಲ್ಲೇನ್ರಿ?"

"ಸದ್ಯಕ್ಕೆ" ಎಂದರು ವಾಗೀಶ. ತಟ್ಟೆಯನ್ನು ಅವಳ ಕಡೆ ಸರಿಸಿ, "ಸೇಬು ತಗೊಳ್ಳಿ" ಎಂದರು.

ಚೊಕ್ಕ ಅಂಗಿ, ಕತ್ತರಿಸಿದ ಉಗುರು, ಸೇಬಿನ ವಾಸನೆಯ ಬಾಯಿ. ಆ ಮನುಷ್ಯನ ಮೈಯಿಂದ ಯಾವ ನಾತವೂ ಬರುತ್ತಿರಲಿಲ್ಲ. ನಾಲ್ಕು ತಿಂಗಳ ಕೂಸಿನ ಮೈಯಿಂದ ಬರುತ್ತಿತ್ತು. ಇಂಥ ಮೂಗನ್ನು ಊರಿಗೆಲ್ಲ ಹಂಚಿದವಳು ನಾನು ಎಂದುಕೊಂಡಾಗ ನೀಲಾಂಬಿಕೆಗೆ ತನ್ನ ಮುಖವನ್ನೇ ಕಿತ್ತೆಸೆಯುವಷ್ಟು ಅಸಹ್ಯವಾಯಿತು.

ಹನಿಗೆ ಪ್ರತಿಮದ್ದು ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಲಿತ ನರ ಮರೆಯುವುದಿಲ್ಲ. ಆದರೆ ಇಲಿಗಳ ಕೋಣೆಯಲ್ಲಿ ಸತುವಿನ ಲವಣದ ದ್ರಾವಣವಿತ್ತು. ಹೋಲಿಸಿ ನೋಡಲು ಕೆಲವು ಇಲಿಗಳ ಮೂಗನ್ನು ಅದರಿಂದ ತೊಳೆದು, ವಾಸನೆಯ ನರಗಳನ್ನು ಪೂರಾ ಸುಡುತ್ತಿದ್ದರು. ಸಂಜೆ ಹೊರಡುವಾಗ ಅದರ ಒಂದು ದೊಡ್ಡ ಸೀಸೆ ಅವಳ ಬುತ್ತಿಚೀಲ ಸೇರಿತು. ಜೊತೆಗೆ ಸೆರೆಯಾಳಿನ ಬನಿಯನ್ನಿದ್ದ ಸ್ಟೀಲ್ ಡಬ್ಬಿಯನ್ನೂ, ಮನೆಯಲ್ಲಿ ಪರೀಕ್ಷೆಗೆಂದು ಚೀಟಿ ಬರೆಸಿ, ರುಜು ಹಾಕಿಸಿ ತಂದಳು. ಮನೆಯ ನಾತ ಎಲ್ಲಿಂದ ಎಂದು ಅಕ್ಕಪಕ್ಕದವರು ಕೇಳಿದರೆ ತೋರಿಸಲು ಏನಾದರೂ ಬೇಕಿತ್ತು.

ಕೇಳಲು ಬಂದವರು ಅಕ್ಕಪಕ್ಕದವರಲ್ಲ, ಮೂಸುದಳದವರು. ಬುಧವಾರ ಮಧ್ಯಾಹ್ನ ಆರು ಜನ ಬೀದಿಯ ಬೇರೆ ಯಾವ ಮನೆಯನ್ನೂ ಮೂಸದೆ ನೆಟ್ಟಗೆ ಇವರ ಬಾಗಿಲಿಗೇ ಬಂದರು. ದಾಕ್ಷಾಯಣಿ ಕೂಸಿನ ಬಾಯಿಗೆ ಎದೆಯಿಟ್ಟುಕೊಂಡು ಜೋಳದ ಕಣಜದ ಹಿಂದೆ ಕೂತಳು. ನೀಲಾಂಬಿಕೆ ಡಬ್ಬಿ ಹಿಡಿದು ಹೊಸ್ತಿಲಿಗೆ ಬಂದಳು.

"ನೀಲಕ್ಕಾರ, ನಿಮ್ಮ ಮನ್ಯಾಗ ಎಡದಂಡಿ ನಾತ ಐತಂತ" ಎಂದ ಬಾಳಪ್ಪ. ಒಂದು ಕಾಲದಲ್ಲಿ ದಾಕ್ಷಾಯಣಿಗೆ ಖೋಖೋ ಕಲಿಸಿದವನು, ಅವಳು ಬಹುಮಾನ ಗೆದ್ದಾಗ ಹೆಗಲ ಮೇಲೆ ಹೊತ್ತು ಕುಣಿದವನು.

"ಐತಿ. ಇರಬೇಕಲ್ಲ ಮತ್ತ? ನಿಮ್ಮ ಮೂಗಿನಾಗ ಬಿಟ್ಟೀರಲ್ಲ, ಆ ಹನಿ ಮಾಡಿದಾಕಿ ನಾನು. ಇಲ್ಲೈತಿ ನೋಡ್ರಿ ಚೀಟಿ." ಚೀಟಿ ಕೊಟ್ಟಳು. ಅವನ ಕಣ್ಣು ಅವಳ ಹೆಗಲಾಚೆ ಒಳಗೆ ಹೊರಳಿತು. "ಒಳಗ ನೋಡಬೇಕು ನಾವು."

"ನೋಡ್ರಿ. ಮೊದಲ ಇದನ್ನ ನೋಡ್ರಿ" ಎಂದು ಡಬ್ಬಿಯ ಮುಚ್ಚಳ ತೆಗೆದು, ಬನಿಯನ್ನನ್ನು ಎತ್ತಿ ಅವನ ಮುಖದ ಮುಂದೆ ಕೊಡವಿದಳು.

ಆರು ಜನವೂ ಹೊಸ್ತಿಲ ರಂಗೋಲಿಯ ಮೇಲೆ ಕಕ್ಕಿದರು. ಒಬ್ಬನು ಕಟ್ಟೆಯಿಂದ ಕೆಳಗೆ ಬಿದ್ದ. ಬಾಳಪ್ಪ ಕಣ್ಣು ಮೂಗು ಸೋರಿಸಿಕೊಂಡು, "ಮುಚ್ಚರೀ ಅದನ್ನ, ಮುಚ್ಚರೀ ತಾಯಿ" ಎನ್ನುತ್ತ ಓಡಿದ. ನೀಲಾಂಬಿಕೆಯೂ ಅದೇ ಗಾಳಿಯನ್ನು ಉಸಿರಾಡುತ್ತ, ಅದೇ ಹೊಟ್ಟೆ ತೊಳಸನ್ನು ಹಲ್ಲು ಕಚ್ಚಿ ಹಿಡಿದು, ಅವರು ಓಣಿ ದಾಟುವ ತನಕ ಡಬ್ಬಿ ತೆರೆದುಕೊಂಡೇ ನಿಂತಿದ್ದಳು. ಆಮೇಲೆ ಎರಡು ಕೊಡ ನೀರು ಸುರಿದು ಹೊಸ್ತಿಲು ತೊಳೆದಳು. ಎದುರು ಮನೆಯ ಕಸ್ತೂರೆವ್ವ ಕಿಟಕಿಯಿಂದ ನೋಡುತ್ತಿದ್ದವಳು ಕಣ್ಣು ಕೂಡಿದ ಕೂಡಲೇ ಒಳಗೆ ಸರಿದಳು.

ಒಳಗೆ ಬಂದು ಗಂಡನ ಕೋಣೆಯ ಬಾಗಿಲಲ್ಲಿ ನಿಂತಳು. "ನೆಟ್ಟಗ ನಮ್ಮ ಮನಿಗೇ ಬಂದ್ರಲ್ರೀ. ಯಾರು ಹೇಳಿದ್ರು?"

ಶಿವಪುತ್ರಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. "ನಾ ಹೇಳಲಿಲ್ಲ" ಎಂದ.

"ಮತ್ತ?"

"ಗೇಟಿನ ಹತ್ರ ಬಾಳಪ್ಪ ಕೇಳಿದ, ಮನ್ಯಾಗ ಎಲ್ಲಾ ಶುದ್ಧ ಐತೇನು ಅಂತ. ನಾ ಸುಮ್ಮನಿದ್ದೆ." ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ. "ಹೌದು ಅಂತ ಅನ್ನಾಕ ಬಾಯಿ ಬರಲಿಲ್ಲ ನೀಲಾ. ಮೂರು ದಿನದಿಂದ ಗಂಟಲಾಗ ಅನ್ನ ಇಳದಿಲ್ಲ. ಒಯ್ದರ ಒಯ್ಯಲಿ ಅಂತ... ಒಂದ ಗಳಿಗಿ ಅನ್ನಿಸ್ತು. ಒಂದ ಗಳಿಗಿ ಅಷ್ಟ."

ಮೂವತ್ತು ವರ್ಷ ಜೊತೆಗೆ ಉಂಡ ಮನುಷ್ಯನನ್ನು ಅವಳು ನೋಡಿದಳು. ಮೈತುಂಬ ಹುಳ ಹರಿದಂತಾಯಿತು. ಬಯ್ಯಲು ಬಾಯಿ ತೆರೆದಳು, ಆದರೆ ತಾನು ಇನ್ನೂ ಮೊಮ್ಮಗಳನ್ನು ಮುಟ್ಟಿಲ್ಲ ಎಂಬುದು ನೆನಪಾಗಿ ಅಡಿಗೆಮನೆಗೆ ಹೋದಳು.

ಅಂದೇ ಸಂಜೆ ಅದು ನಡೆಯಿತು. ದಾಕ್ಷಾಯಣಿ ಜ್ವರದಲ್ಲಿ ಮಲಗಿದ್ದಳು. ಒಲೆಯ ಬಳಿ ಕೂತಿದ್ದ ಗುರುಸಿದ್ದವ್ವನಿಗೆ ಜೊಂಪು ಹತ್ತಿ, ಮಡಿಲಿನಿಂದ ಕೂಸು ಒಲೆಯ ಕಡೆ ಜಾರಿತು. ರೊಟ್ಟಿ ತಟ್ಟುತ್ತಿದ್ದ ನೀಲಾಂಬಿಕೆ ಚಂಗನೆ ಕೈ ಚಾಚಿದಳು. ಇನ್ನೇನು ಬೆರಳು ಕೂಸಿಗೆ ತಾಗಬೇಕು, ನಾತ ಬಡಿದು ಕೈ ತಾನಾಗಿ ಹಿಂದಕ್ಕೆ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಮುದುಕಿ ಎಚ್ಚೆತ್ತು ಕೂಸಿನ ಅಂಗಿ ಹಿಡಿದು ಎಳೆದಳು. ಕೆಂಡಕ್ಕೂ ಕೂಸಿನ ಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತು.

ಮುದುಕಿ ಸೊಸೆಯ ಮುಖವನ್ನೇ ನೋಡುತ್ತ, "ಕೈ ಹಿಂದಕ್ಕ ತಗೊಂಡ್ಯಲ್ಲ ನೀಲವ್ವಾ" ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಮುದುಕಿಯ ದನಿಯಲ್ಲಿ ಇದ್ದದ್ದು ಬರೀ ಆಶ್ಚರ್ಯ.

ನೀಲಾಂಬಿಕೆ ಹಿಟ್ಟಿನ ಕೈ ತೊಳೆದು ಬಚ್ಚಲಿಗೆ ಹೋದಳು. ಸೀಸೆಯ ದ್ರಾವಣವನ್ನು ಹಿಚಕುವ ರಬ್ಬರ್ ಬುಡ್ಡಿಗೆ ತುಂಬಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಗೆ ಬಿಟ್ಟಳು. ಕಾದ ಸಲಾಕೆ ಹುಬ್ಬಿನ ತನಕ ಹೊಕ್ಕಂತಾಯಿತು. ಕಿರುಚದಂತೆ ಸೆರಗು ಕಚ್ಚಿಕೊಂಡಳು. ಇನ್ನೊಂದು ಹೊಳ್ಳೆಗೆ ಬಿಡುವ ಮುಂಚೆ ಒಂದು ಗಳಿಗೆ ತಡೆದಳು. ಬಚ್ಚಲ ಒಲೆಯ ಹೊಗೆ, ಸೀಗೆಪುಡಿ, ಒದ್ದೆ ಕಲ್ಲು. ಹೊಟ್ಟೆಪಾಡನ್ನೂ ಹೆಸರನ್ನೂ ಕೊಟ್ಟ ಮೂಗು ಅದು. ಅದೇ ಮೂಗು ಏನೇನು ಮಾಡಿತು ಎಂದು ನೆನೆದವಳೇ ಎರಡನೆಯ ಹೊಳ್ಳೆಗೂ ಪೂರಾ ಹಿಚಕಿದಳು.

ಮೂರು ದಿನ ತಲೆ ಸಿಡಿಯಿತು, ಮೂಗಿನಿಂದ ರಕ್ತ ಇಳಿಯಿತು. ನಾಲ್ಕನೆಯ ದಿನ ಎದ್ದಾಗ ಮನೆಯಲ್ಲಿ ಯಾವ ನಾತವೂ ಇರಲಿಲ್ಲ. ಯಾವ ವಾಸನೆಯೂ ಇರಲಿಲ್ಲ. ಅವಳು ನೇರ ಹೋಗಿ ಹೊನ್ನವ್ವನನ್ನು ಎತ್ತಿಕೊಂಡಳು. ಕೂಸು ಬೆಚ್ಚಗಿತ್ತು, ಭಾರವಾಗಿತ್ತು, ಅವಳ ಮೂಗುತಿಯನ್ನು ಹಿಡಿದೆಳೆಯಿತು. ಎಲ್ಲ ಅಜ್ಜಿಯರ ಹಾಗೆ ಅವಳೂ ಅದರ ನೆತ್ತಿಗೆ ಮೂಗು ಒತ್ತಿ ಉಸಿರೆಳೆದಳು. ಗಾಜಿನ ಮೇಲೆ ಮೂಗಿಟ್ಟಂತಿತ್ತು.

ಪ್ರಯೋಗಾಲಯದಲ್ಲಿ ವಾಗೀಶರು ಬಾಲದೂರುಗಳ ಬನಿಯನ್ನುಗಳನ್ನು ಮುಂದಿಟ್ಟರು. "ನನಗ ಏನೂ ಬರೂದಿಲ್ರಿ ಸರ್. ಮೂಗು ಹೋಗೈತಿ" ಎಂದಳು. ಅವರು ಪರೀಕ್ಷೆ ಮಾಡಿಸಿದರು; ಅಮೋನಿಯಾದ ಬಾಟಲಿ ಹಿಡಿಸಿದಾಗ ಕಣ್ಣು ಉರಿಯಿತೇ ಹೊರತು ವಾಸನೆ ಬರಲಿಲ್ಲ. ಅಂದೇ ಅವಳನ್ನು ಕಳಿಸಿ, ಬೇರೊಂದು ಮೂಗನ್ನು ಹುಡುಕತೊಡಗಿದರು. ಹುಡುಕಿದರೆ ಸಿಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

ಚೀಟಿಯನ್ನೂ ಡಬ್ಬಿಯನ್ನೂ ಕಂಡಿದ್ದ ಮೂಸುದಳ ಮತ್ತೆ ಆ ಬಾಗಿಲಿಗೆ ಬರಲಿಲ್ಲ. ಒಂದು ವಾರದ ಮೇಲೆ ಕಸ್ತೂರೆವ್ವ ಹಿತ್ತಲ ಬಾಗಿಲಿಗೆ ಬಂದಳು. ಒಳಗಿನಿಂದ ಕೂಸಿನ ಅಳು ಕೇಳಿಸುತ್ತಿತ್ತು. ಅವಳು ಮೂಗು ಮುಚ್ಚಿಕೊಂಡೇ ಪಿಸುಗುಟ್ಟಿದಳು. "ನನಗ ಎಲ್ಲಾ ಗೊತ್ತೈತಿ ನೀಲಕ್ಕ. ಯಾರಿಗೂ ಹೇಳೂದಿಲ್ಲ. ನನ್ನ ತಂಗಿ ಆ ದಂಡ್ಯಾಗ ಅದಾಳ. ನಾಳೆ ಆಕಿ ಬಂದ್ರ ನಾ ಹಿಂಗ ನಿಂದ್ರಬಾರದು. ನಿನ್ನ ಮೂಗು ಹೋಗೈತಿ ಅಂತ ಕಾರ್ಖಾನಿಯವ್ರಿಂದ ಕೇಳೀನಿ. ನೀ ಏನು ಮಾಡಿಕೊಂಡೀ, ನನಗೂ ಮಾಡು." ನೀಲಾಂಬಿಕೆ ಅವಳನ್ನು ಬಚ್ಚಲಿಗೆ ಕರೆದೊಯ್ದು, ಬಾಯಿಗೆ ಸೆರಗು ಕೊಟ್ಟಳು. ಆಮೇಲೆ ಇನ್ನೂ ನಾಲ್ವರು ಬಂದರು. ಸೀಸೆ ಅರ್ಧವಾಯಿತು.

ಶಿವಪುತ್ರಪ್ಪ ಬಚ್ಚಲ ತನಕ ಎರಡು ಸಲ ಬಂದು ವಾಪಸು ಹೋದ. ಮೂರನೆಯ ಸಲ ಹಾಸಿಗೆ ಸುತ್ತಿಕೊಂಡು ಕಾಲುವೆಯ ಗೇಟಿನ ಕೋಣೆಗೆ ಹೋಗಿ ಅಲ್ಲೇ ಉಳಿದ. ದಿನಾ ಬೆಳಿಗ್ಗೆ ಕೂಸಿಗೆಂದು ಹಾಲಿನ ತಂಬಿಗೆ ತಂದು ಅಂಗಳದ ಅಂಚಿಗಿಟ್ಟು, ಬೇವಿನ ಮರದ ತನಕ ಹಿಂದೆ ಸರಿದು ನಿಲ್ಲುತ್ತಿದ್ದ. ನೀಲಾಂಬಿಕೆ ತಂಬಿಗೆ ಎತ್ತಿಕೊಳ್ಳುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ.

ಜ್ವರ ಬಿಟ್ಟು ದಾಕ್ಷಾಯಣಿ ಅಡಿಗೆಮನೆಗೆ ಬರುವಂತಾದ ದಿನ ನೀಲಾಂಬಿಕೆ ಸೀಸೆಯನ್ನು ಅವಳ ಮುಂದಿಟ್ಟಳು. "ಮೂರು ದಿನ ಕಷ್ಟ ಆಗ್ತೈತಿ, ಆಮ್ಯಾಲ ಏನೂ ಇಲ್ಲ. ನಿನ್ನ ಮೈದೂ ಬರೂದಿಲ್ಲ, ನಂದೂ ಬರೂದಿಲ್ಲ. ಹಗರ ಆಗ್ತೀ."

ದಾಕ್ಷಾಯಣಿ ಸೀಸೆಯನ್ನು ನೋಡಿದಳು, ಮಡಿಲಲ್ಲಿದ್ದ ಕೂಸನ್ನು ನೋಡಿದಳು. "ಬ್ಯಾಡವ್ವಾ."

"ಯಾಕ? ದಿನಾ ನನ್ನ ಬಾಜು ಕೂತು ಒದ್ದಾಡ್ತೀಯಲ್ಲ. ನನಗ ಕಣ್ಣಿಲ್ಲೇನು?"

"ಇದರ ಮೈಯಾಗೂ ಆ ನಾತ ಐತಿ. ಆದ್ರ ಅದರ ಅಡಿಯಾಗ ಕೂಸಿನ ನೆತ್ತಿ ವಾಸನಿ ಅಂತ ಒಂದು ಐತಿ. ಹುಡುಕಿ ಹುಡುಕಿ ಮೂಸಬೇಕು, ಆದ್ರ ಸಿಗತೈತಿ. ಅದನ್ನ ಬಿಟ್ಟು ನನಗಿರಾಕ ಆಗೂದಿಲ್ಲ." ಸ್ವಲ್ಪ ತಡೆದು, "ನಿನ್ನ ನಾತಾನೂ ಇರಲಿ. ತಡಕೊಂತೀನಿ" ಎಂದಳು.

ಒಲೆಯ ಮೇಲಿನ ರೊಟ್ಟಿ ಹೊತ್ತಿದ್ದು ನೀಲಾಂಬಿಕೆಗೆ ಗೊತ್ತಾದದ್ದು ಹೊಗೆ ಕಣ್ಣಿಗೆ ಬಂದ ಮೇಲೆ. ಅದನ್ನು ಆಚೆಗಿಟ್ಟು ಇನ್ನೊಂದು ತಟ್ಟಿ ಬೇಯಿಸಿದಳು. ಮಗಳು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದಳು. ನೀಲಾಂಬಿಕೆ ರೊಟ್ಟಿ ಮುರಿದು ಶೇಂಗಾಹಿಂಡಿ ಹಚ್ಚಿ ಅವಳ ಬಾಯಿಗೆ ಹಿಡಿದಳು. ಅಮ್ಮನ ಕೈ ಮೂಗಿನ ಹತ್ತಿರ ಬಂದ ಕೂಡಲೇ ಮಗಳ ಮೈ ಒಮ್ಮೆ ಜಗ್ಗಿತು, ಕೊರಳ ನರ ಉಬ್ಬಿದವು, ಕಣ್ಣಲ್ಲಿ ನೀರು ಒತ್ತಿ ಬಂತು. ಆದರೂ ಅವಳು ಮುಖ ತಿರುಗಿಸಲಿಲ್ಲ. ತುತ್ತನ್ನು ಬಾಯಿಗೆ ತೆಗೆದುಕೊಂಡಳು, ನಿಧಾನವಾಗಿ ಅಗಿದಳು, ಕಣ್ಣು ಬಿಗಿದು ನುಂಗಿದಳು.

"ಇನ್ನೊಂದ ಕೊಡವ್ವಾ" ಎಂದು ಮತ್ತೆ ಬಾಯಿ ತೆರೆದಳು.